ಹಾವೇರಿ ಜಿಲ್ಲೆಯಲ್ಲಿ ಶಸ್ತ್ರಾಸ್ತ್ರ ಪರವಾನಗಿ ಮತ್ತು ಪ್ರವಾಸಿಗರ ಸುರಕ್ಷತೆ

ಹಾವೇರಿ ಜಿಲ್ಲೆಯಲ್ಲಿ ಶಸ್ತ್ರಾಸ್ತ್ರ ಪರವಾನಗಿ ಮತ್ತು ಪ್ರವಾಸಿಗರ ಸುರಕ್ಷತೆ ಎಂಬ ಈ ಲೇಖನವು ಕರ್ನಾಟಕದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮತ್ತು ಸುತ್ತಲಿನ ತಾಲೂಕುಗಳಲ್ಲಿ ಬಂದೂಕು ಹೊಂದುವುದಕ್ಕೂ ಅದರೊಡನೆ ಪ್ರಯಾಣಿಸುವುದಕ್ಕೂ ಅನ್ವಯವಾಗುವ ಕಾನೂನುಗಳನ್ನು ವಿವರಿಸುತ್ತದೆ. ಭಾರತದಲ್ಲಿ ಬಂದೂಕು ಹೊಂದುವುದು ಮೂಲಭೂತ ಹಕ್ಕಲ್ಲ. ಅದು ಸರ್ಕಾರವು ಪರವಾನಗಿಯ ಮೂಲಕ ನೀಡುವ ಷರತ್ತುಬದ್ಧ ಅನುಮತಿಯಾಗಿದೆ. ಈ ವಿಷಯದ ಮುಖ್ಯ ಶಾಸನ 1959ರ ಶಸ್ತ್ರಾಸ್ತ್ರ ಅಧಿನಿಯಮ. ಇದರ ಅಡಿಯಲ್ಲಿ ರಚಿತವಾದ 2016ರ ಶಸ್ತ್ರಾಸ್ತ್ರ ನಿಯಮಾವಳಿ, 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1963ರ ಕರ್ನಾಟಕ ಪೊಲೀಸ್ ಅಧಿನಿಯಮ ಹಾಗೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳೂ ಸಂದರ್ಭಕ್ಕೆ ತಕ್ಕಂತೆ ಅನ್ವಯಿಸುತ್ತವೆ.

ಜಿಲ್ಲೆಯ ಮಟ್ಟಿಗೆ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಪುಣೆ ಮತ್ತು ಬೆಂಗಳೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾಂವಿ, ಹಾವೇರಿ, ಮೋಟೆಬೆನ್ನೂರು ಮತ್ತು ರಾಣೆಬೆನ್ನೂರುಗಳ ಮೂಲಕ ಹಾದುಹೋಗುತ್ತದೆ. ಹೊರ ರಾಜ್ಯದ ಪರವಾನಗಿದಾರರು ಗೊತ್ತಿದ್ದೋ ಗೊತ್ತಿಲ್ಲದೆಯೋ ತಮ್ಮ ಆಯುಧದೊಡನೆ ಈ ದಾರಿಯಲ್ಲಿ ಸಾಗುವ ಸಾಧ್ಯತೆಯಿದೆ. ಅದೇ ದಾರಿಯ ಪಕ್ಕದಲ್ಲಿ, ಆಯುಧದೊಡನೆ ಪ್ರವೇಶಿಸುವುದೇ ಅಪರಾಧವಾಗಿರುವ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವಿದೆ.

ಪದಬಳಕೆ

ಅಧಿನಿಯಮದಲ್ಲಿ 'ಆಯುಧ' ಎಂಬ ಪದಕ್ಕೆ ವಿಶಾಲವಾದ ಅರ್ಥವಿದ್ದು, ಬಂದೂಕುಗಳ ಜೊತೆಗೆ ಹರಿತವಾದ ಮಾರಕಾಸ್ತ್ರಗಳೂ ಅದರಲ್ಲಿ ಸೇರುತ್ತವೆ. ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ರೂಪಿಸಿದ ವಸ್ತುಗಳನ್ನು ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಲಾಠಿ ಮತ್ತು ಸಾಮಾನ್ಯ ಊರುಗೋಲುಗಳನ್ನು ಅಧಿನಿಯಮವೇ ಉದಾಹರಣೆಯಾಗಿ ಹೆಸರಿಸುತ್ತದೆ. ಹೀಗಾಗಿ ಹೊಲಕ್ಕೆ ಹೋಗುವವರ ಕುಡಗೋಲು ಅಥವಾ ಕೊಡಲಿಗೆ ಪರವಾನಗಿ ಬೇಕಿಲ್ಲ. ಕತ್ತಿ, ಭರ್ಜಿ, ಕಠಾರಿ ಮತ್ತು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿರುವ ಚಾಕುಗಳು (ಮನೆ, ಬೇಸಾಯ, ವಿಜ್ಞಾನ ಮತ್ತು ಕೈಗಾರಿಕೆಯ ಬಳಕೆಯವನ್ನು ಬಿಟ್ಟು) ಪ್ರತ್ಯೇಕ ವರ್ಗಕ್ಕೆ ಸೇರುತ್ತವೆ. ಸರ್ಕಾರವು ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವುಗಳಿಗೂ ಪರವಾನಗಿ ಕಡ್ಡಾಯವಾಗುತ್ತದೆ.

ಆಡುಮಾತಿನಲ್ಲಿ ಬಾಯಿಯ ಕಡೆಯಿಂದ ಮದ್ದು ಮತ್ತು ಚರೆ ತುಂಬುವ ಬಂದೂಕನ್ನು ನಾಡಬಂದೂಕು ಎಂದೂ ಮಲೆನಾಡಿನಲ್ಲಿ ಕೇಪಿನ ಕೋವಿ ಎಂದೂ ಕರೆಯಲಾಗುತ್ತದೆ. ಕಾಡತೂಸು ಹಾಕುವ ಒಂಟಿ ನಳಿಕೆ ಮತ್ತು ಜೋಡಿ ನಳಿಕೆಯ ಬಂದೂಕುಗಳು ಇನ್ನೊಂದು ಬಗೆ. ಪತ್ರಿಕಾ ವರದಿಗಳಲ್ಲಿ 'ನಾಡಬಂದೂಕು' ಎಂಬ ಪದ ಬಹುತೇಕ ಅಕ್ರಮ ಆಯುಧ ಎಂಬ ಅರ್ಥದಲ್ಲಿ ಬಳಕೆಯಾಗುತ್ತದೆ. ಆದರೆ ಕಾನೂನಿನಲ್ಲಿ ಹಾಗಿಲ್ಲ. ಬೆಳೆ ರಕ್ಷಣೆಗಾಗಿ ರೈತರಿಗೆ ಪರವಾನಗಿ ನೀಡುವಾಗ ಅಧಿನಿಯಮವು ಮೊದಲು ಹೆಸರಿಸುವುದೇ ಈ ಬಗೆಯ ಬಂದೂಕನ್ನು.

ಇತಿಹಾಸ

ಇಂದಿನ ಹಾವೇರಿ ಜಿಲ್ಲೆಯು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಬ್ರಿಟಿಷ್ ಆಳ್ವಿಕೆಯಲ್ಲಿ ಈ ಪ್ರದೇಶವು ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. 1857ರ ದಂಗೆಯ ಸಮಯದಲ್ಲಿ ಜಾರಿಗೆ ಬಂದ ನಿಶ್ಶಸ್ತ್ರೀಕರಣ ಕಾಯ್ದೆಯು ಜನರು ತಮ್ಮ ಆಯುಧಗಳನ್ನು ನೋಂದಾಯಿಸಬೇಕು ಇಲ್ಲವೇ ಒಪ್ಪಿಸಬೇಕು ಎಂದು ವಿಧಿಸಿತು. ಇದನ್ನು ಪ್ರತಿಭಟಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರ್‌ನಲ್ಲಿ ಬಂಡೆದ್ದರು. ಬ್ರಿಟಿಷ್ ಸೈನ್ಯವು ಊರಿಗೆ ಬೆಂಕಿಯಿಟ್ಟು ದಂಗೆಯನ್ನು ಹತ್ತಿಕ್ಕಿತು ಮತ್ತು ಸೆರೆಸಿಕ್ಕ ಮುಖಂಡರನ್ನು ಗಲ್ಲಿಗೇರಿಸಿತು. ಹಲಗಲಿಯ ಬೇಡರ ಕಥೆಯು ಉತ್ತರ ಕರ್ನಾಟಕದ ಲಾವಣಿಗಳಲ್ಲಿ ಉಳಿದುಕೊಂಡಿದೆ. ಆಯುಧ ಕಾಯ್ದೆಯೊಂದರ ವಿರುದ್ಧದ ಪ್ರತಿಭಟನೆ ಜನಪದ ಕಾವ್ಯದ ವಸ್ತುವಾದ ಅಪರೂಪದ ನಿದರ್ಶನ ಇದು.

ಆ ಬಳಿಕ ಬಂದ 1878ರ ಶಸ್ತ್ರಾಸ್ತ್ರ ಕಾಯ್ದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಯುರೋಪಿಯನ್ನರಿಗೆ ಮತ್ತು ಕೆಲವು ವರ್ಗಗಳಿಗೆ ವಿನಾಯಿತಿ ನೀಡಿತು. ಈ ತಾರತಮ್ಯವು ರಾಷ್ಟ್ರೀಯ ಚಳವಳಿಯ ದೀರ್ಘಕಾಲದ ಆಕ್ಷೇಪಗಳಲ್ಲೊಂದಾಗಿತ್ತು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರೂ 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರೂ ಆದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ವೀರಭದ್ರ ದೇವಾಲಯದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ತಂಡವು ದಾಳಿ ನಡೆಸಿದಾಗ ಈ ಘಟನೆ ನಡೆಯಿತು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಹುತಾತ್ಮರಾದರು.

ಸ್ವಾತಂತ್ರ್ಯಾನಂತರ 1878ರ ಕಾಯ್ದೆಯ ಬದಲಿಗೆ 1959ರ ಅಧಿನಿಯಮವು ರೂಪುಗೊಂಡು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಜನಾಂಗೀಯ ವಿನಾಯಿತಿಗಳು ಬಹುಮಟ್ಟಿಗೆ ರದ್ದಾದರೂ ಪರವಾನಗಿಯ ಚೌಕಟ್ಟು ಹಾಗೆಯೇ ಮುಂದುವರಿಯಿತು. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು ಮತ್ತು ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿಸಿತು. ಅಕ್ರಮ ಆಯುಧದ ಶಿಕ್ಷೆಯೂ ಹೆಚ್ಚಾಯಿತು.

ಪರವಾನಗಿ ಪಡೆಯುವ ವಿಧಾನ

ಹಾವೇರಿ ಜಿಲ್ಲೆಯಲ್ಲಿ ಪರವಾನಗಿ ಪ್ರಾಧಿಕಾರವು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯಾಗಿದ್ದಾರೆ. ಅರ್ಜಿಯನ್ನು ಸ್ವೀಕರಿಸಿದ ಬಳಿಕ ಪ್ರಾಧಿಕಾರವು ಸಂಬಂಧಿಸಿದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳುತ್ತದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಮಾನಸಿಕ ಅಸ್ವಾಸ್ಥ್ಯ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಗಳಲ್ಲಿ ಶಿಕ್ಷೆಯಾಗಿರುವುದು ಮೊದಲಾದವು ಅನರ್ಹತೆಗೆ ಕಾರಣವಾಗುತ್ತವೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ತಿರಸ್ಕಾರದ ವಿರುದ್ಧ ಅಧಿನಿಯಮದ ಕಲಂ 18ರ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಂಜೂರಾದ ಪ್ರತಿಯೊಂದು ಪರವಾನಗಿಯನ್ನೂ ರಾಷ್ಟ್ರೀಯ ದತ್ತಸಂಚಯದಲ್ಲಿ ದಾಖಲಿಸಿ ಅದಕ್ಕೆ ವಿಶಿಷ್ಟ ಗುರುತಿನ ಸಂಖ್ಯೆ ನೀಡಲಾಗುತ್ತದೆ.

ಪರವಾನಗಿಗೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ನೀಡಲಾಗುತ್ತದೆ: ಆತ್ಮರಕ್ಷಣೆ, ಬೆಳೆ ರಕ್ಷಣೆ ಮತ್ತು ಗುರಿಕ್ರೀಡೆ. ಇವುಗಳಲ್ಲಿ ಗ್ರಾಮೀಣ ಹಾವೇರಿಗೆ ಹೆಚ್ಚು ಹತ್ತಿರವಾದದ್ದು ಬೆಳೆ ರಕ್ಷಣೆ. ನಿಜವಾದ ಬೆಳೆ ರಕ್ಷಣೆಯ ಉದ್ದೇಶಕ್ಕೆ ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿಯನ್ನು ನೀಡಬೇಕೆಂದೂ, ಅದು ಸಾಲದು ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ನುಣುಪು ನಳಿಕೆಯ ಬೇರೆ ಬಂದೂಕನ್ನು ಅನುಮತಿಸಬಹುದೆಂದೂ ಕಲಂ 13 ಹೇಳುತ್ತದೆ. ಆದರೆ ಈ ಪರವಾನಗಿ ಬೇಟೆಯ ಅನುಮತಿಯಲ್ಲ. ಗಾಳಿಯಲ್ಲಿ ಗುಂಡು ಹಾರಿಸಿ ಹಿಂಡನ್ನು ಬೆದರಿಸುವುದಕ್ಕೂ ಪ್ರಾಣಿಯತ್ತ ಗುರಿಯಿಡುವುದಕ್ಕೂ ನಡುವಿನ ವ್ಯತ್ಯಾಸವು ಹೊಲದಲ್ಲಿ ಕ್ಷಣಮಾತ್ರದ್ದಾದರೂ ನ್ಯಾಯಾಲಯದಲ್ಲಿ ಹಲವು ವರ್ಷಗಳ ಸೆರೆವಾಸದ್ದಾಗಬಲ್ಲದು.

ಆತ್ಮರಕ್ಷಣೆಯ ಪರವಾನಗಿಗೆ ಬೆದರಿಕೆಯ ಸ್ವರೂಪವನ್ನು ಪೊಲೀಸ್ ವರದಿಯ ಆಧಾರದಲ್ಲಿ ಪರಿಶೀಲಿಸಲಾಗುತ್ತದೆ. ಬ್ಯಾಡಗಿಯಂತಹ ಮೆಣಸಿನಕಾಯಿ ಪೇಟೆಯಲ್ಲಿ ಹಂಗಾಮಿನ ದಿನಗಳಲ್ಲಿ ದೊಡ್ಡ ಮೊತ್ತದ ವಹಿವಾಟು ನಡೆಯುತ್ತದೆ. ಆದರೂ ವ್ಯಾಪಾರವಿದೆ, ನಗದು ಸಾಗಿಸಬೇಕಾಗುತ್ತದೆ ಎಂಬುದಷ್ಟೇ ಪರವಾನಗಿಯ ಹಕ್ಕನ್ನು ನೀಡುವುದಿಲ್ಲ. ನಿರ್ಧಾರವು ಪ್ರಾಧಿಕಾರದ ವಿವೇಚನೆಗೆ ಸೇರಿದ್ದು.

ಪ್ರಯಾಣದಲ್ಲಿ ಆಯುಧ

ಪರವಾನಗಿಯ ಭೌಗೋಳಿಕ ವ್ಯಾಪ್ತಿ

ಪರವಾನಗಿ ಪುಸ್ತಕದಲ್ಲಿ ಅದು ಯಾವ ಪ್ರದೇಶದಲ್ಲಿ ಊರ್ಜಿತವಾಗಿರುತ್ತದೆ ಎಂಬುದನ್ನು ನಮೂದಿಸಲಾಗಿರುತ್ತದೆ. ಅದು ಒಂದು ಜಿಲ್ಲೆ, ಒಂದು ರಾಜ್ಯ ಅಥವಾ ಇಡೀ ಭಾರತ ಆಗಿರಬಹುದು. ಪ್ರವಾಸಿಗರು ತಪ್ಪು ಮಾಡುವುದು ಹೆಚ್ಚಾಗಿ ಇಲ್ಲಿಯೇ. ಹಾವೇರಿ ಜಿಲ್ಲೆಗೆ ಸೀಮಿತವಾದ ಪರವಾನಗಿಯುಳ್ಳವರು ಬಂದೂಕನ್ನು ವಾಹನದಲ್ಲಿಟ್ಟುಕೊಂಡು ತುಂಗಭದ್ರೆ ದಾಟಿ ಹರಿಹರಕ್ಕೆ ಹೋದರೂ ಅವರು ದಾವಣಗೆರೆ ಜಿಲ್ಲೆಯಲ್ಲಿರುತ್ತಾರೆ. ಅಲ್ಲಿ ಆ ಪರವಾನಗಿ ರಕ್ಷಣೆ ನೀಡುವುದಿಲ್ಲ. ಕರ್ನಾಟಕಕ್ಕೆ ಸೀಮಿತವಾದ ಪರವಾನಗಿಯೊಡನೆ ಹುಬ್ಬಳ್ಳಿಯ ಮಾರ್ಗವಾಗಿ ಗೋವಾಕ್ಕೆ ರಜೆಗೆ ಹೋಗುವವರ ಸ್ಥಿತಿಯೂ ಇದೇ. ಮಹಾರಾಷ್ಟ್ರದಿಂದ ಕಾಗಿನೆಲೆಗೆ ಅಥವಾ ದೇವರಗುಡ್ಡಕ್ಕೆ ಬರುವ ಭಕ್ತರಿಗೂ ಅದೇ ನಿಯಮ ಅನ್ವಯಿಸುತ್ತದೆ. ವ್ಯಾಪ್ತಿಯನ್ನು ವಿಸ್ತರಿಸಬೇಕಾದರೆ ಹೊರಡುವ ಮುನ್ನ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು.

ಪ್ರವಾಸಕ್ಕೂ ವಾಸಸ್ಥಳದ ಬದಲಾವಣೆಗೂ ವ್ಯತ್ಯಾಸವಿದೆ. ಪರವಾನಗಿದಾರರು 30 ದಿನಗಳಿಗಿಂತ ಹೆಚ್ಚು ಕಾಲ ಬೇರೆಡೆ ನೆಲೆಸಿದರೆ ಆ ಬಗ್ಗೆ ಪ್ರಾಧಿಕಾರಕ್ಕೆ ಮಾಹಿತಿ ನೀಡಬೇಕಾಗುತ್ತದೆ.

ಸಾಗಿಸುವ ವಿಧಾನ

2016ರ ನಿಯಮಾವಳಿಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿಯಾಗಿ ಮುಚ್ಚಿದ ಚೀಲದಲ್ಲಿ ಅಥವಾ ಅದಕ್ಕಾಗಿಯೇ ಇರುವ ಒರೆಯಲ್ಲಿ ಒಯ್ಯಬೇಕು ಮತ್ತು ಅದು ಸದಾ ಪರವಾನಗಿದಾರರ ಹತೋಟಿಯಲ್ಲಿರಬೇಕು. ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ ಪರವಾನಗಿಯನ್ನು ತೋರಿಸಬೇಕು. ತೋರಿಸದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಅನುಮಾನಾಸ್ಪದವಾಗಿ ಆಯುಧ ಸಾಗಿಸುವವರನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರವನ್ನು ಕಲಂ 20 ಪೊಲೀಸರಿಗಷ್ಟೇ ಅಲ್ಲದೆ ರೈಲು, ವಿಮಾನ ಮತ್ತು ಇತರ ವಾಹನಗಳಲ್ಲಿ ಕೆಲಸ ಮಾಡುವವರಿಗೂ ನೀಡಿದೆ. ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರು ನಿಲ್ದಾಣಗಳ ಮೂಲಕ ರೈಲಿನಲ್ಲಿ ಪ್ರಯಾಣಿಸುವ ಪರವಾನಗಿದಾರರು ಇದನ್ನು ಗಮನಿಸಬೇಕು.

ಪರವಾನಗಿದಾರರ ಬಂದೂಕನ್ನು ಇನ್ನೊಬ್ಬರು ಒಯ್ಯಲು ಸೀಮಿತ ಅವಕಾಶವಿದೆ. ದುರಸ್ತಿಗಾಗಿ, ಪರವಾನಗಿ ನವೀಕರಣಕ್ಕಾಗಿ ಅಥವಾ ಪರವಾನಗಿದಾರರ ಸ್ವಂತ ಬಳಕೆಗಾಗಿ ಅವರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇರೆಗೆ ಮಾತ್ರ ಹಾಗೆ ಒಯ್ಯಬಹುದು. ತಂದೆಯ ಹೆಸರಿನಲ್ಲಿರುವ ಬಂದೂಕನ್ನು ಮಗ ತನ್ನ ಪ್ರವಾಸಕ್ಕೆ ಕೊಂಡೊಯ್ಯುವುದು ಈ ವಿನಾಯಿತಿಗೆ ಒಳಪಡುವುದಿಲ್ಲ. ಮನೆಯಲ್ಲಿ ಯಾರೂ ಇರದ ದಿನಗಳಲ್ಲಿ ಬಂದೂಕನ್ನು ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿಯಾಗಿ ಇರಿಸಿ ರಸೀದಿ ಪಡೆಯುವುದು ಹೆಚ್ಚು ಸುರಕ್ಷಿತ. ಆಯುಧ ಕಳೆದುಹೋದರೆ ಅಥವಾ ಕಳುವಾದರೆ ತಕ್ಷಣ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು.

ವಿಮಾನಯಾನ

ಜಿಲ್ಲೆಯ ಪ್ರಯಾಣಿಕರು ಸಾಮಾನ್ಯವಾಗಿ ಹುಬ್ಬಳ್ಳಿ ವಿಮಾನ ನಿಲ್ದಾಣವನ್ನು ಬಳಸುತ್ತಾರೆ. ಬಂದೂಕು ಮತ್ತು ಗುಂಡುಗಳನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಅವನ್ನು ಮುಂಚಿತವಾಗಿ ಘೋಷಿಸಿ, ಗುಂಡು ತೆಗೆದ ಸ್ಥಿತಿಯಲ್ಲಿ, ವಿಮಾನದ ಸರಕು ಭಾಗಕ್ಕೆ ಹೋಗುವ ಸಾಮಾನಿನಲ್ಲಿ ಮಾತ್ರ ಸಾಗಿಸಲು ಅನುಮತಿ ದೊರೆಯುತ್ತದೆ.

ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ತಪಾಸಣೆಯಲ್ಲಿ ಪತ್ತೆಯಾಗಿ ಪ್ರಕರಣ ದಾಖಲಾದ ನಿದರ್ಶನಗಳು ದೇಶದಾದ್ಯಂತ ಇವೆ. ಹೊಂದಿರುವುದು ಎಂದರೆ ಅರಿತು ಹೊಂದಿರುವುದು ಎಂದು ಸರ್ವೋಚ್ಚ ನ್ಯಾಯಾಲಯವು 1972ರ ಗುಣವಂತಲಾಲ್ ಪ್ರಕರಣದಲ್ಲಿಯೂ 1994ರ ಸಂಜಯ್ ದತ್ ಪ್ರಕರಣದಲ್ಲಿಯೂ ವಿವರಿಸಿದೆ. ಈ ತತ್ತ್ವವನ್ನು ಆಧರಿಸಿ ಹಲವು ಉಚ್ಚ ನ್ಯಾಯಾಲಯಗಳು ಇಂತಹ ಪ್ರಕರಣಗಳನ್ನು ರದ್ದುಪಡಿಸಿವೆ. ಆದರೆ ರದ್ದಾಗುವವರೆಗೆ ವಿಮಾನ ತಪ್ಪುತ್ತದೆ, ವಿಚಾರಣೆ ನಡೆಯುತ್ತದೆ ಮತ್ತು ಉಚ್ಚ ನ್ಯಾಯಾಲಯದ ವೆಚ್ಚ ಪ್ರಯಾಣಿಕರ ಮೇಲೆಯೇ ಬೀಳುತ್ತದೆ. ಬೇರೆಯವರಿಂದ ಎರವಲು ತಂದ ಚೀಲವನ್ನು ಪೂರ್ತಿ ಬರಿದುಮಾಡಿ ನೋಡುವುದು ಒಳ್ಳೆಯದು.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ

1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯವು ಸುಮಾರು 119 ಚದರ ಕಿಲೋಮೀಟರ್ ವಿಸ್ತಾರವನ್ನು ಹೊಂದಿದೆ. ಕುರುಚಲು ಕಾಡು ಮತ್ತು ನೀಲಗಿರಿ ನೆಡುತೋಪುಗಳ ಈ ಪ್ರದೇಶವು ಕೃಷ್ಣಮೃಗಗಳಿಗೆ ಪ್ರಸಿದ್ಧವಾಗಿದೆ. ಹಿಂದೆ ಇಲ್ಲಿ ಎರ್ಲಡ್ಡು ಹಕ್ಕಿಗಳೂ ಕಾಣಸಿಗುತ್ತಿದ್ದವು. ಕೃಷ್ಣಮೃಗವು ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದ್ದು, ಅದನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಬಂದೂಕಿನ ವಿಷಯದಲ್ಲಿ ಈ ಅಧಿನಿಯಮದ ಎರಡು ಕಲಂಗಳು ಮುಖ್ಯವಾಗಿವೆ. ಕಲಂ 31ರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ಇಲ್ಲಿ ಆಯುಧ ಎಂಬುದಕ್ಕೆ ಶಸ್ತ್ರಾಸ್ತ್ರ ಅಧಿನಿಯಮಕ್ಕಿಂತ ವಿಶಾಲವಾದ ಅರ್ಥವಿದೆ. ಗುಂಡು, ಸ್ಫೋಟಕ, ಬಿಲ್ಲುಬಾಣ, ಚಾಕು, ಬಲೆ, ಉರುಳು, ವಿಷ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಅಖಿಲ ಭಾರತ ಮಟ್ಟದ ಬಂದೂಕು ಪರವಾನಗಿ ಇದ್ದರೂ ಅದು ಈ ಗಡಿಯೊಳಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ಶಾಸನಗಳು. ಪ್ರವಾಸಿಯು ಬೇಟೆಯ ಉದ್ದೇಶವಿರಲಿಲ್ಲ, ಆತ್ಮರಕ್ಷಣೆಗೆಂದು ಇಟ್ಟುಕೊಂಡಿದ್ದೆ ಎಂದು ಹೇಳಿದರೂ ಅನುಮತಿ ಇಲ್ಲದ ಪ್ರವೇಶವೇ ಉಲ್ಲಂಘನೆಯಾಗುತ್ತದೆ.

ಕಲಂ 34 ಸ್ಥಳೀಯರಿಗೆ ಸಂಬಂಧಿಸಿದ್ದು. ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ವನ್ಯಜೀವಿ ಅಧಿಕಾರಿಗಳಲ್ಲಿ ತಮ್ಮ ಹೆಸರು ನೋಂದಾಯಿಸಬೇಕು. ಅಷ್ಟೇ ಅಲ್ಲದೆ ಈ 10 ಕಿಲೋಮೀಟರ್ ವಲಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಇಲ್ಲದೆ ಜಿಲ್ಲಾಡಳಿತವು ಹೊಸ ಪರವಾನಗಿ ನೀಡುವಂತಿಲ್ಲ. ಹುಣಸಿಕಟ್ಟಿ ಭಾಗದ ಹೊಲಗಳಿಗೆ ಕೃಷ್ಣಮೃಗಗಳ ಹಿಂಡು ನುಗ್ಗುವುದು ರೈತರ ಹಳೆಯ ಅಳಲು. ಬೆಳೆ ರಕ್ಷಣೆಯ ಬಂದೂಕು ಎಲ್ಲಿ ಹೆಚ್ಚು ಬೇಕೆನಿಸುತ್ತದೆಯೋ ಅಲ್ಲಿಯೇ ಅದನ್ನು ಪಡೆಯುವುದು ಕಠಿಣ ಎಂಬ ವಿಪರ್ಯಾಸ ಇಲ್ಲಿದೆ. ಬಂದೂಕಿಗೆ ಬದಲಾಗಿ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೋರುವ ದಾರಿಯಿದೆ. ಆತ್ಮರಕ್ಷಣೆಗಾಗಿ ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂದು ಕಲಂ 11 ಹೇಳುತ್ತದೆ. ಆದರೆ ಬೆಳೆ ಮೇಯುತ್ತಿರುವ ಕೃಷ್ಣಮೃಗದ ವಿರುದ್ಧ ಈ ವಾದ ನಿಲ್ಲುವುದು ಕಷ್ಟ.

ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯ ನವಿಲುಗಳಿಗೂ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ.

ಜಾತ್ರೆ, ಹಬ್ಬ ಮತ್ತು ನಿಷೇಧಾಜ್ಞೆ

ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಮತ್ತು ಶಾಲಾ ಕಾಲೇಜುಗಳ ಆವರಣಕ್ಕೆ ಬಂದೂಕು ಒಯ್ಯಬಾರದು ಎಂಬುದು ಪರವಾನಗಿಯ ಷರತ್ತುಗಳಲ್ಲೊಂದು. ಕದರಮಂಡಲಗಿಯ ಆಂಜನೇಯ ದೇವಾಲಯ, ದೇವರಗುಡ್ಡದ ಕಾರ್ಣಿಕ ಮತ್ತು ದೀಪಾವಳಿಯ ನಂತರ ಊರೂರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಸಾವಿರಾರು ಜನ ಸೇರುವುದರಿಂದ ಈ ಷರತ್ತು ಜಿಲ್ಲೆಯಲ್ಲಿ ಕಾಗದದ ಮಾತಾಗಿ ಉಳಿಯುವುದಿಲ್ಲ. ಮದುವೆ ಮತ್ತು ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿಯು ಪ್ರತ್ಯೇಕ ಅಪರಾಧವನ್ನಾಗಿಸಿದ್ದು, ಅದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಶಾಂತಿಭಂಗದ ಸೂಚನೆ ಇದ್ದಾಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163ರ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 144) ಅಥವಾ ಕರ್ನಾಟಕ ಪೊಲೀಸ್ ಅಧಿನಿಯಮದ ಕಲಂ 35ರ ಅಡಿಯಲ್ಲಿ ಆದೇಶ ಹೊರಡಿಸಿ ಆಯುಧ, ದೊಣ್ಣೆ, ಕತ್ತಿಗಳನ್ನು ಒಯ್ಯುವುದನ್ನು ನಿಷೇಧಿಸಬಹುದು. ಅಂತಹ ದಿನಗಳಲ್ಲಿ ಎಂದಿನ ಊರುಗೋಲು ಕೂಡ ಪ್ರಶ್ನೆಗೆ ಒಳಗಾಗಬಹುದು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ನಡೆದ ಪ್ರತಿಭಟನೆಯು ಪೊಲೀಸ್ ಗೋಲಿಬಾರಿನಲ್ಲಿ ಕೊನೆಗೊಂಡು ರೈತರು ಪ್ರಾಣ ಕಳೆದುಕೊಂಡರು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಕಚೇರಿಯ ಮೇಲೆ ದಾಳಿ ನಡೆದು ವಾಹನಗಳಿಗೆ ಬೆಂಕಿ ಹಚ್ಚಲಾಯಿತು. ಇಂತಹ ಸಂದರ್ಭದಲ್ಲಿ ಊರಿಗೆ ಬಂದಿರುವ ಪ್ರವಾಸಿಗೆ ಆಯುಧಕ್ಕಿಂತ ಸ್ಥಳೀಯ ಪೊಲೀಸರ ಪ್ರಕಟಣೆಯ ಅರಿವು ಹೆಚ್ಚು ಅಗತ್ಯ.

ಚುನಾವಣೆಯ ಕಾಲ

ಚುನಾವಣಾ ನೀತಿಸಂಹಿತೆ ಜಾರಿಯಾದಾಗ ಪರವಾನಗಿದಾರರ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಇರಿಸುವಂತೆ ಜಿಲ್ಲಾಡಳಿತ ಆದೇಶಿಸುತ್ತದೆ. ಯಾರ ಆಯುಧ ಪಡೆಯಬೇಕು ಎಂಬುದನ್ನು ಪರಿಶೀಲನಾ ಸಮಿತಿ ನಿರ್ಧರಿಸುತ್ತದೆ. ಬ್ಯಾಂಕ್ ಕಾವಲುಗಾರರು ಮತ್ತು ಕ್ರೀಡಾಪಟುಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲದೆ 2024ರ ನವೆಂಬರ್ 13ರಂದು ನಡೆದ ಶಿಗ್ಗಾಂವಿ ಉಪಚುನಾವಣೆಯಂತಹ ಸಂದರ್ಭಗಳಲ್ಲಿಯೂ ನೀತಿಸಂಹಿತೆ ಅನ್ವಯವಾಗುತ್ತದೆ. ಬೆಳೆ ಕೊಯ್ಲಿಗೆ ಬರುವ ಸಮಯದಲ್ಲೇ ಚುನಾವಣೆ ಬಂದರೆ ಬಂದೂಕು ಠಾಣೆಯಲ್ಲಿ, ಹಂದಿ ಹೊಲದಲ್ಲಿ ಎಂಬ ಸ್ಥಿತಿ ರೈತರದಾಗುತ್ತದೆ.

ಕೊಡಗಿನ ವಿನಾಯಿತಿ

ಕರ್ನಾಟಕದಲ್ಲಿಯೇ ಬಂದೂಕಿನ ಕಾನೂನು ಎಲ್ಲೆಡೆ ಒಂದೇ ಆಗಿಲ್ಲ. ಕೊಡವ ಜನಾಂಗದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು ಪರವಾನಗಿ ಇಲ್ಲದೆ ಬಂದೂಕು ಹೊಂದುವ ವಿನಾಯಿತಿಯನ್ನು ಬ್ರಿಟಿಷರ ಕಾಲದಿಂದಲೂ ಪಡೆದಿದ್ದಾರೆ. 1963ರ ಅಧಿಸೂಚನೆಯು ಇದನ್ನು ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ವಿನಾಯಿತಿ ಪಡೆದವರು ಕೊಡಗಿನ ಹೊರಗೆ ಪ್ರಯಾಣಿಸುವಾಗ ಒಯ್ಯಬಹುದಾದ ಆಯುಧಕ್ಕೆ ಮಿತಿಯಿದೆ: ಒಂದು ರೈಫಲ್ ಮತ್ತು ಅದರ 100 ಗುಂಡುಗಳು, ಒಂದು ನುಣುಪು ನಳಿಕೆಯ ಬಂದೂಕು ಮತ್ತು 500 ಕಾಡತೂಸುಗಳು ಅಥವಾ ಅಷ್ಟಕ್ಕೆ ಸಮನಾದ ಮದ್ದು ಮತ್ತು ಚರೆ. ಮಡಿಕೇರಿಯಿಂದ ಹೊರಟು ರಾಣೆಬೆನ್ನೂರಿಗೆ ಬರುವವರು ಈ ಮಿತಿಯೊಳಗೆ ಇರಬೇಕು ಮತ್ತು ವಿನಾಯಿತಿ ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಈ ವಿನಾಯಿತಿ ಶಸ್ತ್ರಾಸ್ತ್ರ ಅಧಿನಿಯಮದಿಂದ ಮಾತ್ರ ದೊರೆತಿರುವುದರಿಂದ ಅಭಯಾರಣ್ಯದ ಕಲಂ 31 ಅವರಿಗೂ ಅನ್ವಯಿಸುತ್ತದೆ.

ಬಂದೂಕಲ್ಲದ ರಕ್ಷಣಾ ಸಾಧನಗಳು

ಮೆಣಸಿನ ತುಂತುರು ಶಸ್ತ್ರಾಸ್ತ್ರ ಅಧಿನಿಯಮದ ಅರ್ಥದಲ್ಲಿ ಬಂದೂಕಲ್ಲ. ಅದನ್ನು ಕೊಳ್ಳಲು ಪರವಾನಗಿ ಬೇಕಿಲ್ಲ. (ಬ್ಯಾಡಗಿ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾಗಿದ್ದು ಖಾರ ಕಡಿಮೆ ಇರುವ ತಳಿ. ಹೀಗಾಗಿ ಊರಿನ ಹೆಸರು ಕೇಳಿ ಇಂತಹ ಸಾಧನವನ್ನು ಊಹಿಸುವವರಿಗೆ ನಿರಾಶೆ ಖಚಿತ.) ಆದರೆ ಪರವಾನಗಿ ಬೇಡ ಎಂದರೆ ಬಳಕೆಗೆ ಮಿತಿಯಿಲ್ಲ ಎಂದಲ್ಲ. ಆತ್ಮರಕ್ಷಣೆಯ ಅಗತ್ಯವಿಲ್ಲದ ಕಡೆ ಮೆಣಸಿನ ತುಂತುರು ಬಳಸಿದ ಪ್ರಕರಣವೊಂದನ್ನು ರದ್ದುಪಡಿಸಲು ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಮೇ ತಿಂಗಳಲ್ಲಿ ನಿರಾಕರಿಸಿತು ಮತ್ತು ಅದನ್ನು ಮೇಲ್ನೋಟಕ್ಕೆ ಅಪಾಯಕಾರಿ ಆಯುಧವೆಂದು ಪರಿಗಣಿಸಿತು. ವಿಮಾನದ ಕೈಚೀಲದಲ್ಲಿ ಅದನ್ನು ಒಯ್ಯಲು ಅವಕಾಶವಿಲ್ಲ.

ಗಾಳಿ ಬಂದೂಕುಗಳ ವಿಷಯದಲ್ಲಿ 2016ರ ನಿಯಮಾವಳಿಯು ಗಡಿ ಗುರುತಿಸಿದೆ. ನಳಿಕೆಯ ವ್ಯಾಸ 0.177 ಅಂಗುಲ (4.5 ಮಿ.ಮೀ.) ಮೀರಿದರೆ ಅಥವಾ ಗುಂಡು ಹೊಮ್ಮುವ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಅಗತ್ಯ. ಪರವಾನಗಿ ಬೇಡದ ಗಾಳಿ ಬಂದೂಕಿನಿಂದಲೂ ಹಕ್ಕಿ ಹೊಡೆಯುವುದು ವನ್ಯಜೀವಿ ಕಾನೂನಿನಡಿ ಬೇಟೆಯೇ ಆಗಬಹುದು.

ಖಾಸಗಿ ರಕ್ಷಣೆಯ ಹಕ್ಕು

ತನ್ನ ಮತ್ತು ಇತರರ ದೇಹ, ಸ್ವತ್ತುಗಳನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗಿನ ಭಾಗವು (ಹಿಂದೆ ಭಾರತೀಯ ದಂಡ ಸಂಹಿತೆಯ ಕಲಂ 96ರಿಂದ 106) ವಿವರಿಸುತ್ತದೆ. ಪ್ರಾಣಾಪಾಯ, ತೀವ್ರ ಗಾಯ, ಅತ್ಯಾಚಾರ, ಅಪಹರಣ ಮೊದಲಾದ ಭಯ ಎದುರಾದಾಗ ಈ ಹಕ್ಕು ಆಕ್ರಮಣಕಾರರ ಸಾವಿನವರೆಗೂ ವಿಸ್ತರಿಸಬಹುದು. ಆದರೆ ಪೊಲೀಸರ ನೆರವು ಪಡೆಯಲು ಕಾಲಾವಕಾಶವಿದ್ದರೆ ಈ ಹಕ್ಕು ಇರುವುದಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವ ಜೇಬುಗಳ್ಳನ ಬೆನ್ನಿಗೆ ಗುಂಡು ಹಾರಿಸುವುದನ್ನು ಪರವಾನಗಿ ಇದ್ದವರೂ ಖಾಸಗಿ ರಕ್ಷಣೆ ಎಂದು ಸಮರ್ಥಿಸಿಕೊಳ್ಳಲಾರರು.

ಪರವಾನಗಿ ಇಲ್ಲದ ಬಂದೂಕಿನಿಂದ ಪ್ರಾಣ ಉಳಿಸಿಕೊಂಡ ಸಂದರ್ಭದಲ್ಲಿ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಉಳಿಯುತ್ತವೆ. ಗುಂಡು ಹಾರಿಸಿದ್ದು ಸಮರ್ಥನೀಯವೆಂದು ತೀರ್ಮಾನವಾದರೂ ಅಕ್ರಮ ಆಯುಧ ಹೊಂದಿದ್ದ ಅಪರಾಧ ಅಳಿಯುವುದಿಲ್ಲ.

ಶಿಕ್ಷೆಗಳು

ಪರವಾನಗಿ ಇಲ್ಲದೆ ಬಂದೂಕು ಹೊಂದಿದರೆ ಅಥವಾ ಒಯ್ದರೆ ಕಲಂ 25ರ ಅಡಿಯಲ್ಲಿ 2ರಿಂದ 5 ವರ್ಷಗಳ ಸೆರೆವಾಸ ಮತ್ತು ದಂಡವಿದೆ. ವಿಶೇಷ ಕಾರಣಗಳಿದ್ದರೆ ನ್ಯಾಯಾಲಯವು ಅವಧಿಯನ್ನು ತಗ್ಗಿಸಬಹುದು. ನಿಷೇಧಿತ ಆಯುಧವಾದರೆ ಶಿಕ್ಷೆ 7 ವರ್ಷಗಳಿಂದ ಆರಂಭವಾಗುತ್ತದೆ. ಪರವಾನಗಿಯ ಷರತ್ತು ಮೀರಿದರೆ ಕಲಂ 30ರ ಅಡಿಯಲ್ಲಿ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಇದಲ್ಲದೆ ಪರವಾನಗಿಯನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರವು ಪ್ರಾಧಿಕಾರಕ್ಕಿದೆ. ಕಲಂ 3ರ ಉಲ್ಲಂಘನೆಗೆ ಮೊಕದ್ದಮೆ ಹೂಡಲು ಜಿಲ್ಲಾ ದಂಡಾಧಿಕಾರಿಯ ಪೂರ್ವಮಂಜೂರಾತಿ ಕಡ್ಡಾಯ (ಕಲಂ 39).

ವಿದೇಶಗಳಲ್ಲಿ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಬಂದೂಕು ಹೊಂದುವುದು ಸಂವಿಧಾನಾತ್ಮಕ ಹಕ್ಕಾಗಿದ್ದರೂ ರಾಜ್ಯದಿಂದ ರಾಜ್ಯಕ್ಕೆ ನಿಯಮಗಳು ಬದಲಾಗುತ್ತವೆ. ಒಂದು ರಾಜ್ಯ ನೀಡಿದ ಅನುಮತಿಯನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಲೇಬೇಕೆಂದಿಲ್ಲ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಈ ವಿಷಯದಲ್ಲಿ ಕಟ್ಟುನಿಟ್ಟಾದ ರಾಜ್ಯಗಳು. 1986ರ ಒಕ್ಕೂಟ ಕಾನೂನಿನ ಪ್ರಕಾರ, ಹೊರಟ ಸ್ಥಳ ಮತ್ತು ತಲಪುವ ಸ್ಥಳ ಎರಡರಲ್ಲಿಯೂ ಬಂದೂಕು ಹೊಂದುವುದು ಸಕ್ರಮವಾಗಿದ್ದರೆ, ಗುಂಡು ತೆಗೆದು, ವಾಹನದಲ್ಲಿ ಕೈಗೆ ಸುಲಭವಾಗಿ ಸಿಗದಂತೆ ಇರಿಸಿ ನಡುವಿನ ರಾಜ್ಯವನ್ನು ಹಾದುಹೋಗಬಹುದು. ಪ್ರವಾಸ ಅಥವಾ ಉದ್ಯೋಗದ ತಾತ್ಕಾಲಿಕ ವೀಸಾದಲ್ಲಿ ಅಲ್ಲಿರುವವರು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಹೊಂದುವುದನ್ನು ಒಕ್ಕೂಟ ಕಾನೂನು ನಿಷೇಧಿಸಿದೆ. ಮಕ್ಕಳನ್ನು ನೋಡಲು ಹೋಗುವ ಕನ್ನಡ ಕುಟುಂಬಗಳ ಹಿರಿಯರು ಆತಿಥೇಯರ ಮನೆಯ ಬಂದೂಕನ್ನು ಕುತೂಹಲಕ್ಕೂ ಕೈಗೆತ್ತಿಕೊಳ್ಳದಿರುವುದು ಕ್ಷೇಮ. ಬ್ರಿಟನ್ನಿನಲ್ಲಿ ಮೆಣಸಿನ ತುಂತುರು ಕೂಡ 1968ರ ಬಂದೂಕು ಕಾಯ್ದೆಯ ಅಡಿಯಲ್ಲಿ ನಿಷೇಧಿತ ಆಯುಧವಾಗಿದೆ.

ಭಾರತಕ್ಕೆ ಬರುವ ವಿದೇಶಿ ಪ್ರವಾಸಿಗರಿಗೆ ಸಂಬಂಧಿಸಿದಂತೆ, ಕೇಂದ್ರ ಸರ್ಕಾರ ಸೂಚಿಸಿದ ದೇಶಗಳವರು ಕ್ರೀಡೆಯ ಉದ್ದೇಶಕ್ಕೆ ಮಾತ್ರ ನಿಗದಿತ ಷರತ್ತುಗಳೊಡನೆ ಆಯುಧ ತರಲು ಕಲಂ 10 ಅವಕಾಶ ನೀಡುತ್ತದೆ. ಆತ್ಮರಕ್ಷಣೆ ಈ ಅವಕಾಶದಲ್ಲಿ ಸೇರಿಲ್ಲ.

ತುರ್ತು ನೆರವು

ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ನೆರವಿಗೆ ರಾಷ್ಟ್ರವ್ಯಾಪಿ ಸಂಖ್ಯೆ 112. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ರೈಲು ಪ್ರಯಾಣಿಕರಿಗೆ 139 ಮತ್ತು ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಗೆ ಸಿಲುಕಿದವರಿಗೆ 1033. ಅಪರಾಧ ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಗೆ ಸೇರಿದೆ ಎಂಬುದು ತಿಳಿಯದಿದ್ದರೂ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಇದಕ್ಕೆ ಅವಕಾಶ ಕಲ್ಪಿಸಿದ್ದು, ಆ ಠಾಣೆಯು ದೂರನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುತ್ತದೆ.